ಬಾಣಂತಿಗೆ ಹೇಳಬಾರದ ಮಾತು

ರುದ್ರೇಶ ಸತ್ತ ಸುದ್ದಿ ಅವನ ಹೆಂಡತಿಯೊಬ್ಬಳನ್ನು ಬಿಟ್ಟು ಮಿಕ್ಕೆಲ್ಲರಿಗೂ ಗೊತ್ತಿತ್ತು. ಭದ್ರಾವತಿಯ ಆ ಕ್ವಾರ್ಟರ್ಸ್ ಸಾಲಿಗೆ ಹಾಲು ಹಾಕುವವನಿಗೆ ಗೊತ್ತಿತ್ತು, ಮೂಲೆಯ ಎಸ್‌ಟಿಡಿ ಬೂತಿನವನಿಗೆ ಗೊತ್ತಿತ್ತು, ಅವಳ ಅಪ್ಪ ಪರಮೇಶ್ವರಪ್ಪನ ಜೊತೆ ಕಾರ್ಖಾನೆಯಲ್ಲಿ ಪಾಳಿಗೆ ಹೋಗುವ ಅಷ್ಟೂ ಜನಕ್ಕೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಒಳಕೋಣೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು, ಮೆಣಸಿನ ಸಾರಿನಲ್ಲಿ ಅನ್ನ ಕಲೆಸಿ ಉಣ್ಣುತ್ತಿದ್ದ ಶಿವಲೀಲಾಗೆ ಮಾತ್ರ. ಯಾರ ಗಂಡ ಸತ್ತಿದ್ದನೋ ಅವಳಿಗೆ.

ಇದನ್ನು ಯಾರೂ ದ್ವೇಷದಿಂದ ಮಾಡಲಿಲ್ಲ. ಅದೇ ಮೈ ಉರಿಯುವ ಸಂಗತಿ. ದ್ವೇಷದಿಂದ ಮಾಡಿದ್ದರೆ ಬಾಯಿ ತುಂಬ ಬೈದು ಹಗುರಾಗಬಹುದಿತ್ತು. ಅವರೆಲ್ಲ ಅವಳ ಒಳ್ಳೆಯದಕ್ಕೇ ಮಾಡಿದರು. ಹಸಿ ಬಾಣಂತಿಗೆ ಸಾವಿನ ಸುದ್ದಿ ಹೇಳಬಾರದು, ಹೇಳಿದರೆ ಎದೆಹಾಲು ಬತ್ತುತ್ತದೆ, ತಲೆಗೆ ಸನ್ನಿ ಏರುತ್ತದೆ, ಮಗುವೂ ಉಳಿಯುವುದಿಲ್ಲ, ತಾಯಿಯೂ ಉಳಿಯುವುದಿಲ್ಲ ಎಂದು ಆ ಕಡೆಯ ಹೆಂಗಸರೆಲ್ಲ ನಂಬಿದ್ದರು. ಲೀಲಾಳ ತಾಯಿ ವೀರಮ್ಮ ಎಲ್ಲರಿಗಿಂತ ಹೆಚ್ಚಾಗಿ ನಂಬಿದ್ದಳು. ಅವಳ ಸ್ವಂತ ತಂಗಿ ಬಾಣಂತನದಲ್ಲಿ ಸನ್ನಿ ಹಿಡಿದು ಬಾವಿಗೆ ಬಿದ್ದಿದ್ದಳು.

ರುದ್ರೇಶ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಓಡಿಸುತ್ತಿದ್ದ. ಅಲ್ಲಿಂದ ಸ್ವಲ್ಪ ಒಳಗೆ ಹೋದರೆ ಅವನ ಊರು. ಲೀಲಾ ಹೆರಿಗೆಗೆ ತವರಿಗೆ ಬಂದು, ಗಂಡುಮಗು ಹುಟ್ಟಿ, ಇನ್ನೂ ಹಸಿ ಮೈ ಆರಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ರುದ್ರೇಶ ಅಪ್ಪನ ಬದಲು ಗದ್ದೆಗೆ ನೀರು ತಿರುಗಿಸಲು ಹೋದ. ಬದುವಿನ ಮೇಲೆ ಬರಿಗಾಲಲ್ಲಿ ನಿಂತಿದ್ದವನನ್ನು ಹಾವು ಕಚ್ಚಿತು. ಶಿವಮೊಗ್ಗದ ಆಸ್ಪತ್ರೆಗೆ ಎತ್ತಿಕೊಂಡು ಹೋಗುವಾಗ ದಾರಿಯಲ್ಲೇ ಹೋಗಿಬಿಟ್ಟ.

ಆ ಮಧ್ಯಾಹ್ನ ವೀರಮ್ಮ, ಪರಮೇಶ್ವರಪ್ಪ ಇಬ್ಬರೂ ಹೊರಟು ನಿಂತದ್ದನ್ನು ಲೀಲಾ ನೋಡಿದಳು. ಬೀಗರ ಮನೆಯಲ್ಲಿ ಏನೋ ದೇವರ ಕಾರ್ಯವಂತೆ, ಹೋಗಿ ಮುಖ ತೋರಿಸಿ ಬರುತ್ತೇವೆ ಎಂದರು. ಅಪ್ಪ ಅವಳ ಕಡೆ ನೋಡದೆ ಚಪ್ಪಲಿ ಹುಡುಕುತ್ತಿದ್ದರು, ಚಪ್ಪಲಿ ಕಾಲಲ್ಲೇ ಇತ್ತು. ಅದಕ್ಕೂ ಅವಳು ನಕ್ಕಳು.

"ಅಮ್ಮ, ಬರೋವಾಗ ಅವ್ರದೊಂದು ಹಳೇ ಪಂಚೆ ತಗೊಂಬಾ. ತೊಟ್ಟಿಲಿಗೆ ಹಾಸಕ್ಕೆ ಮೆತ್ತಗಿರತ್ತೆ," ಎಂದಳು. "ಮಗನ್ನ ನೋಡಕ್ಕೆ ಬರೋದು ಬಿಟ್ಟು ಏನು ಮಾಡ್ತಿದಾರಂತೆ, ಕೇಳು."

ವೀರಮ್ಮ "ಹೂಂ" ಎಂದಳು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅಷ್ಟು ದೂರದಲ್ಲಿ ಅವಳ ಗಂಡನನ್ನು ಗದ್ದೆಯ ಅಂಚಿನಲ್ಲಿ ಕೂರಿಸಿ ಮಣ್ಣು ಮಾಡುತ್ತಿದ್ದಾಗ ಲೀಲಾ ಮಗುವಿಗೆ ಧೂಪ ಹಾಕಿಕೊಂಡು ಹಾಡು ಹೇಳುತ್ತಿದ್ದಳು. ಸಂಜೆ ವೀರಮ್ಮ ಬಂದಾಗ ಕೈಯಲ್ಲಿ ಪಂಚೆ ಇತ್ತು. ಹೆಣದ ಮನೆಯಲ್ಲಿ ನಿಂತು ಮಗಳು ಕೇಳಿದ ಪಂಚೆಯನ್ನು ಹುಡುಕಿ ತಂದಿದ್ದಳು, ಪಾಪ. ಲೀಲಾ ಅದನ್ನು ಮೂಸಿ ನೋಡಿ ಮಡಿಚಿ ತೊಟ್ಟಿಲಿಗೆ ಹಾಸಿದಳು.

ಆಮೇಲೆ ಶುರುವಾಯಿತು ಸುಳ್ಳಿನ ಕಾರುಬಾರು. ರುದ್ರೇಶನನ್ನು ಕಂಪನಿಯವರು ಹೊಸ ಮೆಷಿನ್ ಕಲಿಯಲು ಪುಣೆಗೆ ಕಳಿಸಿದ್ದಾರೆ ಎಂದು ತಮ್ಮ ಮಲ್ಲಿಕ್ ಹೇಳಿದ. ಹುಡುಗನಿಗೆ ತಲೆ ಚುರುಕು, ಒಂದು ಸುಳ್ಳಿಗೆ ಇನ್ನೊಂದನ್ನು ಆನಿಸಿ ನಿಲ್ಲಿಸುವುದು ಚೆನ್ನಾಗಿ ಬರುತ್ತಿತ್ತು. "ಭಾವ ಬೂತಿಗೆ ಫೋನ್ ಮಾಡಿದ್ರು ಅಕ್ಕ, ನೀನು ಮಲಗಿದ್ದೆ" ಎನ್ನುವನು. "ಮಗನ ಮೂಗು ಯಾರ ಥರ ಇದೆ ಅಂತ ಕೇಳಿದ್ರು" ಎನ್ನುವನು. ಅವಳು ಸಂಭ್ರಮದಿಂದ ಮಗುವಿನ ಮೂಗನ್ನು ನೋಡಿ, "ಅವ್ರದ್ದೇ ಅಂತ ಹೇಳು" ಎನ್ನುವಳು. ಒಂದು ಸಲ ಪುಣೆಯಿಂದ ಭಾವ ಕಳಿಸಿದ್ದು ಎಂದು ಸೀರೆ ತಂದುಕೊಟ್ಟ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಂಡದ್ದು. ಅವಳು ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದಳು. ಇದನ್ನು ನೆನೆದರೆ ಈಗಲೂ ಆ ಮಲ್ಲಿಕ್‌ನ ಕೆನ್ನೆಗೆ ಬಾರಿಸೋಣ ಅನಿಸುತ್ತದೆ.

ಮಗು ನೋಡಲು ಬಂದವರನ್ನು ಅವನು ಗೇಟಿನ ಹತ್ತಿರವೇ ತಡೆದು ಹೇಳಿಕೊಡುತ್ತಿದ್ದ. "ಒಳಗೆ ಹೋಗಿ ಮುಖ ಸಪ್ಪಗೆ ಮಾಡ್ಕೊಂಡು ಕೂರಬೇಡಿ. ಪುಣೆ ಅಂದ್ರೆ ಹೂಂ ಅನ್ನಿ, ಸಾಕು." ಅವರು ಹೂಂ ಅಂದರು. ಬಾಯಿಗೆ ಬಂದಂತೆ ತಮಾಷೆ ಮಾಡಿ, ಅಪ್ಪ ಬಂದಾಗ ಗುರುತು ಹಿಡಿಯುತ್ತಾನೋ ಇಲ್ಲವೋ ಎಂದು ಮಗುವಿನ ಗಲ್ಲ ಹಿಂಡಿ, ಹೊರಗೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ತಾವು ದೊಡ್ಡ ಪುಣ್ಯದ ಕೆಲಸ ಮಾಡಿದೆವು ಎಂದುಕೊಂಡೇ ಮನೆಗೆ ಹೋಗಿರಬೇಕು.

ವೀರಮ್ಮ ಅಳಬೇಕಾದಾಗ ಬಚ್ಚಲೊಲೆಗೆ ಉರಿ ಹಾಕಲು ಹೋಗುತ್ತಿದ್ದಳು. "ಹಸಿ ಸೌದೆ ಯಾಕಮ್ಮ ತರಿಸ್ತೀರ, ನಿನ್ನ ಕಣ್ಣು ನೋಡು ಹೆಂಗಾಗಿದೆ" ಎಂದು ಲೀಲಾ ಗದರುತ್ತಿದ್ದಳು.

ಸುಳ್ಳು ಹೇಳದೆ ಉಳಿದವಳು ಒಬ್ಬಳೇ, ಪಕ್ಕದ ಮನೆಯ ತಮಿಳಿನ ಸೀತಾ. ಮಗು ಹುಟ್ಟಿದಾಗಿನಿಂದ ದಿನಾ ಬಂದು ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದವಳು ಇದ್ದಕ್ಕಿದ್ದಂತೆ ಬರುವುದನ್ನು ನಿಲ್ಲಿಸಿದಳು. ತಾನೇನು ತಪ್ಪು ಮಾತಾಡಿದೆನೋ ಎಂದು ಲೀಲಾ ಕೊರಗಿದಳು. ಆ ತಿಂಗಳುಗಳಲ್ಲಿ ಅವಳು ಪಟ್ಟ ದುಃಖ ಅದೊಂದೇ. ಗಂಡನಿಗಾಗಿ ಅಳಬೇಕಾದವಳು ಪಕ್ಕದ ಮನೆಯವಳ ಮುನಿಸಿಗೆ ಅತ್ತಳು.

ಮೂರನೇ ತಿಂಗಳಲ್ಲಿ ಹೆಸರಿಡುವ ಶಾಸ್ತ್ರ ಇಟ್ಟುಕೊಂಡರು. ಅದನ್ನು ಮುಗಿಸಿ, ಮೈ ಸ್ವಲ್ಪ ಗಟ್ಟಿಯಾದ ಮೇಲೆ ಮೆಲ್ಲಗೆ ಹೇಳಿದರಾಯಿತು ಎಂದು ಎರಡೂ ಮನೆಯವರು ಮಾತಾಡಿಕೊಂಡಿದ್ದರು. ಗಂಡನ ಮನೆಯಿಂದ ಮಾವ ಜಂಬಣ್ಣ, ಅತ್ತೆ ಉಚ್ಚಂಗಮ್ಮ, ನಾದಿನಿ ಮಂಜುಶ್ರೀ, ಜೊತೆಗೆ ಊರಿನ ಕೆಲವು ಹೆಂಗಸರು ಬಂದರು. ಅತ್ತೆ ಸೊರಗಿ ಅರ್ಧವಾಗಿದ್ದಳು. "ಏನತ್ತೆ ಹಿಂಗಾಗಿದೀರ?" ಎಂದರೆ, "ಜ್ವರ ಬಂದಿತ್ತು ಕಣವ್ವ" ಎಂದಳು.

ಬಳೆಗಾರನನ್ನು ಕರೆಸಿದ್ದರು. ಬಳೆ ಇಡಿಸದಿದ್ದರೆ ಅನುಮಾನ ಬರುತ್ತದೆ ಎಂದು ವೀರಮ್ಮ ಹೇಳಿದ್ದಳಂತೆ. ಉಚ್ಚಂಗಮ್ಮ ತನ್ನ ಕೈಯಾರೆ ಹಸಿರು ಗಾಜಿನ ಬಳೆಗಳನ್ನು ಆರಿಸಿ, ಬಳೆಗಾರ ತೊಡಿಸುವಾಗ ಸೊಸೆಯ ಮೊಳಕೈ ಹಿಡಿದುಕೊಂಡು ಕೂತಳು. ಹಣೆಗೆ ಕುಂಕುಮ ಇಟ್ಟಳು, ಮುಡಿಗೆ ಮಲ್ಲಿಗೆ ಮುಡಿಸಿದಳು. ಲೀಲಾ ಬಗ್ಗಿ ಕಾಲು ಮುಟ್ಟಿದಾಗ ಸುತ್ತ ನಿಂತ ಹೆಂಗಸರೆಲ್ಲ ಮುತ್ತೈದೆಯಾಗಿ ನೂರು ಕಾಲ ಬಾಳು ಎಂದರು. ಎಲ್ಲರೂ ಅಂದರು. ಒಬ್ಬಳ ನಾಲಗೆಯೂ ತಡವರಿಸಲಿಲ್ಲ.

ಮಗುವಿನ ಹೆಸರು ಮೊದಲೇ ಗೊತ್ತಾಗಿತ್ತು. ಗಂಡಾದರೆ ಕಿರಣ ಎಂದು ರುದ್ರೇಶನೇ ಆರಿಸಿದ್ದ. ಸೋದರತ್ತೆ ಮೊದಲು ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕು, ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಿ ಗೇಲಿ ಮಾಡಬೇಕು. ಮಂಜುಶ್ರೀ ತೊಟ್ಟಿಲ ಮೇಲೆ ಬಗ್ಗಿದಳು. ತೊಟ್ಟಿಲಲ್ಲಿ ಅಣ್ಣನ ಪಂಚೆ ಹಾಸಿತ್ತು, ಅದರ ಮೇಲೆ ಅಣ್ಣನ ಮೂಗು ಹೊತ್ತ ಮಗು ಮಲಗಿತ್ತು. ಹೇಳಬೇಕಾದ ಹೆಸರು ಬಿಟ್ಟು, ತಿಂಗಳುಗಳಿಂದ ಎದೆಯಲ್ಲಿ ಇಟ್ಟುಕೊಂಡಿದ್ದ ಹೆಸರು ಬಾಯಿಗೆ ಬಂತು.

"ರುದ್ರೇಶ," ಎಂದಳು. ಇನ್ನೊಂದು ಸಲ ಅಂದಳು, "ರುದ್ರೇಶ."

ಗುದ್ದಲು ಎತ್ತಿದ್ದ ಕೈಗಳು ಎತ್ತಿದಲ್ಲೇ ನಿಂತವು. ಲೀಲಾ ತೊಟ್ಟಿಲ ಪಕ್ಕದಲ್ಲೇ ಕೂತಿದ್ದಳು, ಸ್ಪಷ್ಟವಾಗಿ ಕೇಳಿಸಿತು. ಅವರ ಕುಲದಲ್ಲಿ ಮಗುವಿಗೆ ಹಿರಿಯರ ಹೆಸರಿಡುವುದು ಉಂಟು, ಆದರೆ ಸತ್ತ ಹಿರಿಯರದ್ದು. ಬದುಕಿರುವ ಅಪ್ಪನ ಹೆಸರನ್ನು ಮಗನಿಗೆ ಯಾರೂ ಇಡುವುದಿಲ್ಲ, ಇಟ್ಟರೆ ಅಪ್ಪನ ಆಯಸ್ಸಿಗೆ ಕೆಡುಕು ಎನ್ನುತ್ತಾರೆ. ಇದು ಅಲ್ಲಿ ಎಲ್ಲರಿಗೂ ತಿಳಿದದ್ದೇ. ಲೀಲಾ ನಾದಿನಿಯ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು, ಕೊನೆಗೆ ಬಾಗಿಲಲ್ಲಿ ಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದ ತಮ್ಮನ ಮುಖ ನೋಡಿದಳು.

"ಮಲ್ಲಿಕ, ಬದುಕಿರೋರ ಹೆಸರು ಮಗೀಗೆ ಇಡ್ತಾರೇನೋ?" ಎಂದು ಕೇಳಿದಳು.

ಅವನ ಬಾಯಲ್ಲಿ ಆಗ ಒಂದು ಸುಳ್ಳೂ ಹುಟ್ಟಲಿಲ್ಲ.

ಅಷ್ಟು ದಿನ ತಡೆದಿಟ್ಟಿದ್ದ ಅಳು ಒಮ್ಮೆಲೇ ಒಡೆದು ಮನೆ ತುಂಬ ಗೋಳೋ ಎಂದಿತು. ಅತ್ತೆ ಅವಳ ಕೊರಳಿಗೆ ಬಿದ್ದು ಅತ್ತಳು, ನಾದಿನಿ ಮಡಿಲಿಗೆ ಬಿದ್ದು ಅತ್ತಳು, ಅಪ್ಪ ಗೋಡೆಗೆ ಮುಖ ತಿರುಗಿಸಿ ಅತ್ತರು. ಲೀಲಾ ಮಾತ್ರ ಅಳಲಿಲ್ಲ. ಎಲ್ಲರ ಭಾರ ಮೈಮೇಲೆ ಹೊತ್ತು ಸುಮ್ಮನೆ ಕೂತಿದ್ದಳು. ಅತ್ತವರೆಲ್ಲ ಇವಳು ಯಾಕೆ ಅಳುತ್ತಿಲ್ಲ ಎಂದು ಗಾಬರಿಯಾದರು. "ಅತ್ತುಬಿಡು ಮಾರಾಯ್ತಿ, ಒಳಗಿಟ್ಕೋಬೇಡ" ಎಂದು ಬೆನ್ನು ತಟ್ಟಿದರು. ಇವರು ನಗಿಸಿದಾಗ ನಗಬೇಕು, ಅಳು ಎಂದಾಗ ಅಳಬೇಕು. ಅವಳ ದುಃಖದ ಕೀಲಿ ಇವರ ಸೊಂಟದಲ್ಲಿತ್ತು.

"ಯಾವತ್ತು?" ಎಂದು ಕೇಳಿದಳು.

ವೀರಮ್ಮ ಹೇಳಿದಳು.

"ನಾನು ಪಂಚೆ ತಗೊಂಬಾ ಅಂದ ದಿವ್ಸ?"

ವೀರಮ್ಮ ತಲೆ ಆಡಿಸಿದಳು. "ನಿನ್ನ ಜೀವ ಉಳೀಲಿ ಅಂತ ಮಾಡ್ದೆ ಕಣೆ ಲೀಲಾ. ನಿನ್ನ ಚಿಕ್ಕಮ್ಮನ ಗತಿ ನಿಂಗೂ ಬಂದ್ರೆ ನಾನು ಏನು ಮಾಡ್ಲಿ?"

"ಮುಖ ಆದ್ರೂ ತೋರಿಸ್ಬೋದಿತ್ತಲ್ಲಮ್ಮ."

ಹನ್ನೊಂದನೇ ದಿನದ ಶಿವಗಣಾರಾಧನೆಯೂ ಮುಗಿದಿತ್ತು, ಬಂದ ನೆಂಟರು ಉಂಡು ಹೋಗಿದ್ದರು, ಊರು ಬೇರೆ ಸುದ್ದಿಗೆ ಹೊರಳಿತ್ತು. ಎಲ್ಲರ ಶೋಕ ಹಳತಾಗಿ ಮಡಿಚಿ ಇಟ್ಟಾಗಿತ್ತು. ಅವಳದ್ದು ಇನ್ನೂ ಬಿಚ್ಚೇ ಇರಲಿಲ್ಲ.

ಮರುದಿನ ಸೀತಾ ಬಂದಳು. ಬಾಗಿಲಲ್ಲೇ ನಿಂತು, "ನಂಗೆ ಸುಳ್ಳು ಹೇಳಕ್ಕೆ ಆಗಿಲ್ಲ ಲೀಲಾ. ನಿಜ ಹೇಳಕ್ಕೆ ನಿಮ್ಮಮ್ಮ ಬಿಡಲಿಲ್ಲ. ಅದಕ್ಕೇ ಬರಲಿಲ್ಲ," ಎಂದಳು. ಲೀಲಾ ಎದ್ದು ಅವಳ ಕೈಗೆ ಮಗುವನ್ನು ಕೊಟ್ಟಳು. ಉಳಿದ ಯಾರಿಗೂ ಆ ದಿನ ಮಗುವನ್ನು ಮುಟ್ಟಲು ಬಿಡಲಿಲ್ಲ.

ಇಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಶಾಸ್ತ್ರ ಒಂದು ಬಾಕಿ ಇತ್ತಲ್ಲ. ಉಚ್ಚಂಗಮ್ಮನ ಅಕ್ಕ ಹಾಲಮ್ಮ ಎಂಬವಳು ಊರಿನಿಂದ ಹೇಳಿಕಳಿಸಿದಳು: ಈಗ ಗೊತ್ತಾಯಿತಲ್ಲ, ಇನ್ನು ತಡ ಮಾಡಬಾರದು, ಬರುವ ಸೋಮವಾರ ಕರೆತನ್ನಿ, ಗದ್ದುಗೆಯ ಮುಂದೆ ಬಳೆ ತೆಗೆಸಿ ತಾಳಿ ಇಳಿಸಿಬಿಡೋಣ. ಗದ್ದುಗೆ ಎಂದರೆ ರುದ್ರೇಶನನ್ನು ಕೂರಿಸಿದ ಜಾಗದ ಮೇಲೆ ಕಟ್ಟಿದ ಕಟ್ಟೆ. ಹಾಲಮ್ಮ ಮದುವೆಯಾದ ಹೊಸದರಲ್ಲೇ ಗಂಡನನ್ನು ಕಳೆದುಕೊಂಡವಳು. ಆ ಮನೆತನದಲ್ಲಿ ಇಂಥ ಕೆಲಸಕ್ಕೆ ಅವಳೇ ಮುಂದೆ.

ಲೀಲಾ ಮಗುವನ್ನು ಎತ್ತಿಕೊಂಡು ಹೊರಟಳು. ಪರವಾಗಿಲ್ಲ, ಹುಡುಗಿ ಒಪ್ಪಿಕೊಂಡಳು ಎಂದು ಎಲ್ಲರೂ ಸಮಾಧಾನಪಟ್ಟರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ದಾರಿ ನೋಡುತ್ತಿದ್ದಳು. ಎಷ್ಟು ಬೇಗ ಬಂದುಬಿಟ್ಟಿತು ಊರು. ಮಗು ಒಂದು ನಿದ್ದೆ ಮುಗಿಸುವಷ್ಟೂ ಹೊತ್ತಾಗಿರಲಿಲ್ಲ. ಇಷ್ಟು ದಾರಿ ತನ್ನನ್ನು ಒಂದು ಕಾರಿನಲ್ಲಿ ಮಲಗಿಸಿಕೊಂಡು ತರಲು ಇವರಿಗೆ ಆಗಲಿಲ್ಲ ಎಂದು ನೆನೆದಾಗ ಅವಳು ಹಲ್ಲು ಕಚ್ಚಿದಳು.

ಗದ್ದೆಯ ಅಂಚಿನಲ್ಲಿ ಗದ್ದುಗೆ ಇತ್ತು. ಮೇಲೆ ಬಿಲ್ವಪತ್ರೆ ಒಣಗಿ ಬಿದ್ದಿತ್ತು, ಸುತ್ತ ಆಗಲೇ ಗರಿಕೆ ಹುಟ್ಟಿತ್ತು. ಹಾಲಮ್ಮ ಒಂದು ಚಪ್ಪಟೆ ಕಲ್ಲು, ತಂಬಿಗೆಯಲ್ಲಿ ನೀರು ಇಟ್ಟುಕೊಂಡು ಸಿದ್ಧವಾಗಿ ಕೂತಿದ್ದಳು. ಜೊತೆಗೆ ಉಚ್ಚಂಗಮ್ಮ, ವೀರಮ್ಮ, ಊರಿನ ಹೆಂಗಸರು. ಜಂಬಣ್ಣ, ಪರಮೇಶ್ವರಪ್ಪ, ಮಲ್ಲಿಕ್ ದೂರ ಬದುವಿನ ಮೇಲೆ ನಿಂತರು.

"ಕೂತ್ಕೋ ಮಗಳೇ," ಎಂದಳು ಹಾಲಮ್ಮ. "ಕೈ ಕೊಡು. ದಿನ ಮೀರಿದೆ."

ಲೀಲಾ ಕೂತಳು, ಕೈ ಕೊಡಲಿಲ್ಲ. ಮಗುವನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯನ್ನು ಮುಂದೆ ಎತ್ತಿ ತೋರಿಸಿದಳು.

"ಈ ಬಳೆ ಇಡಿಸಿದ್ದು ಯಾರು ದೊಡ್ಡಮ್ಮ?"

"ಯಾರೋ ಇಡಿಸಿದ್ರು. ಈಗ ಯಾಕೆ ಆ ಮಾತು."

"ನಮ್ಮತ್ತೆ ಇಡಿಸಿದ್ರು. ಮಗನ್ನ ಮಣ್ಣು ಮಾಡಿದ ಕೈಯಲ್ಲೇ ಇಡಿಸಿದ್ರು. ಕುಂಕುಮ ಇಟ್ರು, ಹೂ ಮುಡಿಸಿದ್ರು. ಇಲ್ಲಿ ಕೂತಿರೋರು ಬಂದು ಮುತ್ತೈದೆಯಾಗಿ ಬಾಳು ಅಂದ್ರು. ನಂಗೆ ಗೊತ್ತಿರಲಿಲ್ಲ, ನಿಮಗೆಲ್ಲ ಗೊತ್ತಿತ್ತಲ್ಲ. ಸತ್ತೋನ ಹೆಂಡ್ತಿ ಬಳೆ ಇಟ್ಕೊಂಡ್ರೆ ಏನೂ ಆಗಲ್ಲ ಅಂತ ನೀವೇ ತೋರಿಸಿಕೊಟ್ರಿ. ನಿಮ್ಮ ಸುಳ್ಳಿಗೆ ಬೇಕಾದಾಗ ಇರಬೇಕು, ನಿಮ್ಮ ಶಾಸ್ತ್ರಕ್ಕೆ ಬೇಕಾದಾಗ ಒಡೀಬೇಕು. ಇದು ನನ್ನ ಕೈ ಅಲ್ವಾ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಲಮ್ಮನಿಗೆ ಸಿಟ್ಟು ಬಂತು.

"ನಂಗೂ ಒಡೆದ್ರು ಕಣೆ. ಆಗ ನಂಗೆ ನಿನ್ನಷ್ಟೂ ವಯಸ್ಸಾಗಿರಲಿಲ್ಲ. ನಾನು ಹಿಂಗೆ ಎದುರು ಮಾತಾಡಿದ್ನಾ?"

"ನೀವು ನಿಮ್ಮ ಯಜಮಾನ್ರ ಮುಖ ನೋಡಿದ್ರಾ ದೊಡ್ಡಮ್ಮ?"

"ನೋಡ್ದೆ."

"ಮಣ್ಣು ಹಾಕಿದ್ರಾ?"

"ಹಾಕ್ದೆ."

"ನಂಗೆ ಎರಡೂ ಇಲ್ಲ. ಪುಣೆಗೆ ಹೋಗಿದಾರೆ ಅಂದ್ರಿ, ನಂಬಿದೆ. ಈಗ ಇದರೊಳಗೆ ಕೂತಿದಾರೆ ಅಂತೀರಿ, ಅದನ್ನೂ ನಂಬಬೇಕು. ನನ್ನ ಗಂಡ ಸತ್ತಿದ್ದಕ್ಕೆ ನಂಗೆ ನಿಮ್ಮ ಬಾಯಿ ಬಿಟ್ರೆ ಬೇರೆ ಸಾಕ್ಷಿ ಇಲ್ಲ. ನಿಮ್ಮ ಬಾಯಿ ಎಂಥದು ಅಂತ ನಂಗೆ ಗೊತ್ತು."

ಹಾಲಮ್ಮ ಕಲ್ಲನ್ನು ಕೈಯಲ್ಲಿ ತಿರುಗಿಸುತ್ತ ಕೂತಳು. ಆಮೇಲೆ ಅದನ್ನು ಪಕ್ಕಕ್ಕೆ, ಗರಿಕೆಯ ಮೇಲೆ ಇಟ್ಟಳು. ಯಾಕೋ ಏನೋ, ತನ್ನ ಬರಿಗೈಯನ್ನು ಇನ್ನೊಂದು ಕೈಯಿಂದ ಸವರಿಕೊಂಡಳು.

"ಅತ್ತೆ," ಎಂದಳು ಲೀಲಾ. "ನೀವು ಹೇಳಿ. ಮೊದಲಿಂದ ಹೇಳಿ. ಏನನ್ನೂ ಬಿಡಬೇಡಿ."

ಉಚ್ಚಂಗಮ್ಮ ಸೊಸೆಯ ಎದುರು ಬಂದು ಕೂತಳು. "ಬೆಳಗ್ಗೆ ರೊಟ್ಟಿ ತಿಂದು ಹೋದ. ಬಂದು ಭದ್ರಾವತಿಗೆ ಹೋಗ್ಬೇಕು, ಮಗನ್ನ ನೋಡ್ಕೊಂಡು ಬರ್ತೀನಿ, ಅಂಗಿ ಇಸ್ತ್ರಿ ಮಾಡಿಡು ಅಂದಿದ್ದ," ಎಂದಳು. ಅಲ್ಲಿಂದ ನಿಲ್ಲಲಿಲ್ಲ. ಗದ್ದೆಯಿಂದ ಕೂಗಿದ್ದು, ಬದುವಿನ ಮೇಲೆ ಓಡಿದ್ದು, ಜೀಪಿನಲ್ಲಿ ಅವನ ತಲೆ ತನ್ನ ತೊಡೆಯ ಮೇಲಿದ್ದದ್ದು, ದಾರಿಯಲ್ಲಿ ನೀರು ಕೇಳಿದ್ದು ಎಲ್ಲ ಹೇಳಿದಳು. "ಮೈ ತೊಳೆದು ವಿಭೂತಿ ಹಚ್ಚಿದ್ವಿ. ಅದೇ ಇಸ್ತ್ರಿ ಅಂಗಿ ಹಾಕಿದ್ವಿ. ಕೂರಿಸ್ಬೇಕಲ್ಲ, ಕಚ್ಚಿದ ಕಾಲು ಊದಿ ಮಡಚಕ್ಕೇ ಬರ್ಲಿಲ್ಲ. ಮುರೀಬೇಕು ಅಂದ್ರು ಯಾರೋ. ನಿಮ್ಮಾವ ಬಿಡಲಿಲ್ಲ. ತೊಡೆ ಮೇಲೆ ಇಟ್ಕೊಂಡು ನೀವಿ ನೀವಿ, ಮಗೂಗೆ ನೀವಿದಂಗೆ ನೀವಿ, ನಿಧಾನಕ್ಕೆ ಮಡಚಿದ್ರು. ಎಡಗೈಯಲ್ಲಿ ಲಿಂಗ ಇಟ್ವಿ. ಐನೋರು ಮಂತ್ರ ಹೇಳಿದ್ರು. ಎಲ್ರೂ ಮಣ್ಣು ಹಾಕಿದ್ವಿ. ನಿನ್ನ ಪಾಲಿನ ಹಿಡಿ ಮಣ್ಣೂ ನಾನೇ ಹಾಕ್ದೆ ಕಣವ್ವ. ತಪ್ಪು ಮಾಡ್ದೆ. ನಿನ್ನ ಪಾಲು ನಾನು ಹಾಕ್ಬಾರ್ದಿತ್ತು."

ದೂರದಲ್ಲಿ ಜಂಬಣ್ಣ ಬದುವಿನ ಮೇಲೆ ಕುಕ್ಕರಿಸಿ ಕೂತುಬಿಟ್ಟಿದ್ದರು.

ಲೀಲಾ ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ, ಎದ್ದು ಬದುವಿನ ಮಣ್ಣನ್ನು ಬೆರಳಿನಿಂದ ಕೆದರಿ ಹಿಡಿ ತುಂಬಿಕೊಂಡಳು. ಗದ್ದುಗೆಯ ಮೇಲೆ ಹಾಕಿದಳು. ಇನ್ನೊಂದು ಹಿಡಿ ಹಾಕಿದಳು. ಬಗ್ಗಿದಾಗಲೆಲ್ಲ ಬಳೆ ಸದ್ದು ಮಾಡಿದವು. ಆಮೇಲೆ ಗದ್ದುಗೆಯ ಮೇಲೆ ಕೆನ್ನೆಯಿಟ್ಟು, "ಕಾಲು ಬಾಳ ನೋಯ್ತೇನ್ರೀ?" ಎಂದು ಕೇಳಿದಳು. ಕೇಳಿದ್ದೇ ತಡ, ಅಷ್ಟು ದಿನದ ಅಳು ಬಂತು. ಕೂಗಿ ಅತ್ತಳು. ಗದ್ದೆಯ ಆಚೆ ಕೆಲಸ ಮಾಡುತ್ತಿದ್ದ ಆಳುಗಳು ನಿಂತು ನೋಡುವಷ್ಟು ಜೋರಾಗಿ ಅತ್ತಳು. ಗದ್ದುಗೆಯ ಕಲ್ಲಿಗೆ ಕೈ ಬಡಿದು ಒಂದೆರಡು ಬಳೆ ತಾವೇ ಒಡೆದವು. ಅದನ್ನು ಅವಳೂ ನೋಡಲಿಲ್ಲ, ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಉಳಿದವು ಕೈಯಲ್ಲೇ ಇದ್ದವು.

ವೀರಮ್ಮನಿಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ ಮಗಳ ಭುಜ ಹಿಡಿದಳು.

"ಸಾಕು ಕಣೆ ಲೀಲಾ. ಸಾಕು ಮಾಡು. ಹಾಲು ಬತ್ತುತ್ತೆ."

ಲೀಲಾ ತಲೆಯೆತ್ತಿ ತಾಯಿಯನ್ನು ನೋಡಿದಳು. ವೀರಮ್ಮ ಕೈ ತೆಗೆದು ಹಿಂದೆ ಸರಿದಳು.

ಗಲಾಟೆಗೆ ಮಗುವೂ ಎದ್ದು ಹಸಿವಿಗೆ ಅಳತೊಡಗಿತ್ತು. ಉಚ್ಚಂಗಮ್ಮ ತಂದು ಕೊಟ್ಟಳು. ಲೀಲಾ ಗದ್ದುಗೆಗೆ ಬೆನ್ನು ಆನಿಸಿ ಕೂತು ಸೆರಗು ಮರೆ ಮಾಡಿ ಮೊಲೆ ಕೊಟ್ಟಳು. ಅವಳಿನ್ನೂ ಬಿಕ್ಕುತ್ತಲೇ ಇದ್ದಳು, ಮೂಗು ಸೋರುತ್ತಿತ್ತು, ಕೆನ್ನೆಗೆ ಮಣ್ಣು ಮೆತ್ತಿತ್ತು. ಮಗು ಗಟಗಟ ಕುಡಿಯಿತು. ಹಾಲು ಹೆಚ್ಚಾಗಿ ಅದಕ್ಕೆ ನೆತ್ತಿ ಹತ್ತಿ ಕೆಮ್ಮಿತು, ಬಾಯಂಚಿನಿಂದ ಇಳಿದು ಅವಳ ಮೊಣಕೈವರೆಗೆ ಹರಿಯಿತು.

ಅವಳು ಸೆರಗು ಸರಿಸಿ ಒದ್ದೆಯಾದ ಕೈಯನ್ನು ತಾಯಿಗೆ ತೋರಿಸಿದಳು.

"ನೋಡಮ್ಮ," ಎಂದಳು. "ಬರ್ತಾನೇ ಇದೆ."